ಗಣಿ ಇಂಜಿನಿಯರ್ ಕಂಡ ಅಶೋಕ

ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಸಿಕ್ಕ ಕಥೆ ನಮ್ಮ ರಾಯಚೂರು ಭಾಗದ ಶಾಲಾ ಮಕ್ಕಳಿಗೂ ಗೊತ್ತು. ಅದನ್ನು ಪತ್ತೆ ಹಚ್ಚಿದವರ ಉದ್ಯೋಗ ಏನಾಗಿತ್ತು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1915ರಲ್ಲಿ ಆ ಬಂಡೆಬರಹವನ್ನು ಕಂಡ ಸಿ. ಬೀಡನ್ ಚಿನ್ನದ ಗಣಿ ಇಂಜಿನಿಯರ್. 1837ರ ಹೊತ್ತಿಗೆ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತಾ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವ ಅಧಿಕಾರಿ. ಶಾಸನಗಳಲ್ಲಿ ಬರುವ ‘ಪಿಯದಸಿ’ ಎಂಬ ರಾಜನೇ ಅಶೋಕ ಎಂದು ಪಾಲಿ ಗ್ರಂಥದ ಆಧಾರದಿಂದ ತೋರಿಸಿಕೊಟ್ಟ ಜಾರ್ಜ್ ಟರ್ನರ್ ಸಿಂಹಳದ ಆಡಳಿತ ಸೇವೆಯಲ್ಲಿದ್ದವರು. ಮಸ್ಕಿಯ ಪರಿಸರದಲ್ಲಿ ಪ್ರಾಗಿತಿಹಾಸದ ಕುರುಹುಗಳನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭೂವೈಜ್ಞಾನಿಕ ಸರ್ವೇಕ್ಷಣೆಯ ನೌಕರ. ಶಿಲೆಗಳ ಪದರ ನೋಡಲು ಹೋದವರು ಕಲ್ಲಿನ ಕೊಡಲಿಗಳನ್ನೂ ಆಯ್ದುಕೊಂಡು ಬಂದರು. ಇವರಲ್ಲಿ ಒಬ್ಬರಿಗೂ ಇತಿಹಾಸ ಶೋಧಿಸಲೆಂದು ಸಂಬಳ ಬರುತ್ತಿರಲಿಲ್ಲ. ಒಪ್ಪಿಸಿದ ಕೆಲಸದಾಚೆ ಕಣ್ಣು ಹಾಯಿಸಿದ್ದಕ್ಕೆ ಕಾರಣ ಕೇಳಿ ನೋಟಿಸ್ ಬರುವಂತಿದ್ದರೆ ಇದರಲ್ಲಿ ಎಷ್ಟು ನಮಗೆ ದಕ್ಕುತ್ತಿತ್ತು?

ಅವರೆಲ್ಲ ಬಿಳಿ ಸಾಹೇಬರು, ಹೇಳುವವರು ಕೇಳುವವರು ಇರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತು ನಿಜ. ಅದೇ ಕಾಲದಲ್ಲಿ ಗಣಿಯೊಳಗೆ ಇಳಿಯುತ್ತಿದ್ದ ಕೂಲಿಕಾರರು ಏನೇನು ಕಂಡಿದ್ದರೋ, ಬರೆದಿಡಲು ಅವರಿಗೆ ಹಕ್ಕೂ ಇರಲಿಲ್ಲ, ಬಿಡುವೂ ಇರಲಿಲ್ಲ. ಆ ನಷ್ಟ ಇಂದಿಗೂ ನಿಂತಿಲ್ಲ ಎಂಬುದೇ ನನ್ನ ಚಿಂತೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನ ತೆಗೆದವರಿದ್ದರು. ಈಗಿನ ಕಂಪನಿ ಶುರುವಾದದ್ದು 1947ರಲ್ಲಿ. ನೆಲದಡಿಯ ಕೆಲಸ ಬಲ್ಲವರು ಸರಳಿನಿಂದ ಮೇಲಿನ ಬಂಡೆಯನ್ನು ತಟ್ಟಿ ನೋಡುತ್ತಾರೆ. ಕಣಕಣ ಎಂದರೆ ಗಟ್ಟಿ, ದಬ್ ಎಂದರೆ ಸಡಿಲ. ಈ ಕಿವಿ ಯಾವ ಕಚೇರಿಯಲ್ಲೂ ತಯಾರಾಗುವುದಿಲ್ಲ. ಅಂಥ ಕೆಲಸಗಾರನಿಗೆ ಯಂತ್ರದ ಬಗ್ಗೆ, ಕಲ್ಲು ಸಾಗಿಸುವ ಕ್ರಮದ ಬಗ್ಗೆ ಒಂದು ಯೋಚನೆ ಹೊಳೆದರೆ ಅದು ಪಾಳಿ ಮುಗಿಯುವುದರೊಳಗೆ ಸತ್ತುಹೋಗಬಾರದು.

ಗಣಿಯಂಥ ಅಪಾಯದ ಜಾಗದಲ್ಲಿ ಸ್ವಾತಂತ್ರ್ಯದ ಮಾತು ಆಡಿದರೆ ಜೀವಕ್ಕೇ ಕುತ್ತು ಎನ್ನುವವರಿದ್ದಾರೆ. ಸುರಕ್ಷತಾ ನಿಯಮ ಮುರಿಯುವ ಸ್ವಾತಂತ್ರ್ಯವನ್ನು ಯಾರೂ ಕೇಳುತ್ತಿಲ್ಲ. 1955ರ ಗಣಿ ನಿಯಮಗಳೇ ಕಾರ್ಮಿಕರ ಪರವಾದ ತಪಾಸಕರಿಗೆ, ಸುರಕ್ಷತಾ ಸಮಿತಿಗಳಿಗೆ ಜಾಗ ಕೊಟ್ಟವು. ಕೆಳಗಿನವನ ಬಾಯಿ ಕಟ್ಟಿದರೆ ಅಪಾಯ ಹೆಚ್ಚುತ್ತದೆ ಎಂಬ ಅರಿವು ಅದರಲ್ಲಿದೆ. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ದೋಷ ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದು ಉತ್ಪಾದನೆ ನಿಲ್ಲಿಸಬಹುದು. ಅದರಿಂದ ಕಂಪನಿ ಮುಳುಗಲಿಲ್ಲ.

ಗಣಿಯಿಂದ ಸಿಂಧನೂರಿನ ಹೊಲಗಳಿಗೆ ಬಂದರೆ ಸ್ವಾತಂತ್ರ್ಯ ಇರುವವರ, ಇಲ್ಲದವರ ಹೋಲಿಕೆ ಇನ್ನೂ ಸ್ಪಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹೊತ್ತಿಗೆ ಸರಿಯಾಗಿ ಬಾರದಾಗ ಸಸಿಮಡಿ, ನಾಟಿ ಬಿಟ್ಟು ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತಿದ ರೈತರು ಈ ಭಾಗದಲ್ಲಿದ್ದಾರೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬೆಂಬಲವೂ ಸಿಕ್ಕಿತು; ಆದರೆ ತನ್ನ ಹೊಲದಲ್ಲಿ ಒಂದೆಕರೆ ಬಿತ್ತಿ ನೋಡಲು ರೈತ ಯಾರ ಸಹಿಗೂ ಕಾಯಬೇಕಿರಲಿಲ್ಲ. ಅದೇ ಕಾಲುವೆ ಕಾಯುವ ಗ್ಯಾಂಗ್‌ಮನ್‌ಗೆ ಎಲ್ಲಿ ನೀರು ಸೋರುತ್ತದೆ, ಯಾವ ತೂಬು ಹೆಚ್ಚು ಎಳೆಯುತ್ತದೆ ಎಂಬುದು ಅಂಗೈ ಗೆರೆಯಷ್ಟು ಪರಿಚಿತ, ಆದರೆ ಅವನ ಪಾಲಿಗೆ ಇರುವುದು ಆದೇಶ ಮಾತ್ರ. ತನಗೆ ತೋಚಿದಂತೆ ಗೇಟು ಎತ್ತಲಿ ಎಂದು ನಾನು ಹೇಳುತ್ತಿಲ್ಲ. ಹಾಗಾದರೆ ಕೊನೇ ಭಾಗದ ಹೊಲಗಳಿಗೆ ಹನಿ ನೀರೂ ಮುಟ್ಟದು. ಸರದಿ ಹೀಗೆ ಬದಲಿಸಿ ನೋಡೋಣ ಎಂದು ಅವನು ಹೇಳಿದರೆ ಕೇಳಿಸಿಕೊಳ್ಳುವುದು ಮೇಲಿನವರಿಗೆ ಕಡ್ಡಾಯವಾಗಬೇಕು.

ಬಿಗಿ ಸಡಿಲಿಸಿದರೆ ಮೈಗಳ್ಳತನ ಬೆಳೆಯುತ್ತದೆ ಎಂಬ ಭಯವನ್ನೂ ಪರೀಕ್ಷೆಗೆ ಒಡ್ಡಬಹುದು. ಹಟ್ಟಿಯ ಒಂದು ವಿಭಾಗ, ಸಿಂಧನೂರಿನ ಒಂದು ಉಪಕಾಲುವೆ ಆರಿಸಿಕೊಂಡು ಒಂದು ವರ್ಷ ನೋಡಲಿ: ಕೆಲಸಗಾರ ಕೊಟ್ಟ ಸಲಹೆಗೆ ತಿಂಗಳೊಳಗೆ ಲಿಖಿತ ಉತ್ತರ, ಒಪ್ಪಿಗೆ ಪಡೆದು ಮಾಡಿದ ಪ್ರಯೋಗ ಕೈಕೊಟ್ಟರೂ ಬಡ್ತಿಗೆ ಕತ್ತರಿ ಬೀಳದೆಂಬ ಆದೇಶ, ಫಲ ಕೊಟ್ಟರೆ ಅದು ಅವನ ಹೆಸರಿನಲ್ಲೇ ದಾಖಲು.