14ರ ಹುಡುಗನಿಗೆ ಸ್ಪೀಡ್ ಗನ್ ಯಾಕ್ರೀ?

ತುಂಬಾ ದಿನದಿಂದ ಇಲ್ಲಿ ಏನೂ ಗೀಚಿರಲಿಲ್ಲ. ಸೋಮಾರಿತನ, ಇನ್ನೇನಿಲ್ಲ :) ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದ್ದೀನಿ.

ನಾಗಸಂದ್ರದಲ್ಲಿ ನಮ್ಮ ಪಕ್ಕದ ಮನೆ ಹುಡುಗನಿಗೆ 14 ವರ್ಷ. ಅಪ್ಪನಿಗೆ ಪೀಣ್ಯದಲ್ಲಿ ಲೇತ್ ಕೆಲಸ. ಓಟಿ ಮಾಡಿ ಮಗನ ಕ್ರಿಕೆಟ್ ಕೋಚಿಂಗ್ ಫೀಸು ಕಟ್ತಾರೆ. ಹೋದ ಭಾನುವಾರ ಕೋಚ್ ಮಹಾಶಯರು ಸ್ಪೀಡ್ ಗನ್ ಹಿಡಿದು, ಹತ್ತು ಬಾಲ್ ಹಾಕಿಸಿ, "ಇವನಲ್ಲಿ ಪೇಸ್ ಇಲ್ಲ, ಸುಮ್ನೆ ಓದಿಸಿ" ಅಂದುಬಿಟ್ಟರು. ಸಂಜೆ ಹುಡುಗ ಬಂದು "ಅಂಕಲ್, ನಾನು ಬೌಲಿಂಗ್ ಬಿಟ್ಬಿಡ್ಲಾ?" ಅಂತ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ.

ಅದೇ ಬ್ಯಾಚಿನಲ್ಲಿ ಇನ್ನೊಬ್ಬನಿದ್ದಾನೆ. ಅದೇ ವಯಸ್ಸು, ಆದರೆ ಆಗಲೇ ಮೀಸೆ ಬಂದಿದೆ. ಸಹಜವಾಗಿ ಪೇಸೂ ಇದೆ. ಅವನೇ ಕೋಚ್‌ಗೆ 'ಭವಿಷ್ಯ'. ಬೆಳಗಿಂದ ಮಧ್ಯಾಹ್ನದವರೆಗೂ ಅವನ ಕೈಲೇ ಬಾಲ್. ಈಗ ಅವನಿಗೆ ಬೆನ್ನುನೋವು!

ಸ್ವಾಮಿ, 14ಕ್ಕೆ ಸ್ಪೀಡ್ ಗನ್ ತೋರಿಸೋದು ಯಾರು ಬೇಗ ಬೆಳೆದರು ಅನ್ನೋದನ್ನ. ಯಾರು ಎಲ್ಲಿಗೆ ಮುಟ್ಟುತ್ತಾರೆ ಅನ್ನೋದನ್ನಲ್ಲ. ನಮ್ಮ ಅಭಿಮನ್ಯು ಮಿಥುನ್ ಮೊದಲು ಡಿಸ್ಕಸ್ ಎಸೀತಿದ್ದವರು, ಲೆದರ್ ಬಾಲ್ ಹಿಡಿದಿದ್ದೇ 17ರ ಹೊತ್ತಿಗೆ. 2009-10ರಲ್ಲಿ ಮೊದಲ ರಣಜಿ ಸೀಸನ್ನಿನಲ್ಲೇ 47 ವಿಕೆಟ್, 2010ರಲ್ಲಿ ಗಾಲೆಯಲ್ಲಿ ಟೆಸ್ಟ್ ಕ್ಯಾಪ್. 14ರಲ್ಲೇ ಜರಡಿ ಹಿಡಿದಿದ್ರೆ ಅವರು ಲಿಸ್ಟಿನಲ್ಲೇ ಇರ್ತಿರಲಿಲ್ಲ.

ಪೇಸ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಶ್ರೀನಾಥ್ 236 ಟೆಸ್ಟ್ ವಿಕೆಟ್ ಕಿತ್ತಿದ್ದು ಪೇಸಿನ ಬಲದಿಂದಲೇ. ಆದರೆ ಬರೀ ಪೇಸ್ ನಂಬಿದರೆ? ಡೇವಿಡ್ ಜಾನ್ಸನ್ ಎಂಥಾ ವೇಗ ಕಣ್ರೀ! 1996ರಲ್ಲಿ ಎರಡೇ ಟೆಸ್ಟ್, ಮೂರೇ ವಿಕೆಟ್. ಅತ್ತ ದಾವಣಗೆರೆಯ ವಿನಯ್ ಕುಮಾರ್‌ಗೆ ಪೇಸ್ ಸಾಲದು ಅಂತ ಜನ ಆಡಿಕೊಂಡರು. ಸರಿ, ಅವರಿಗೂ ಸಿಕ್ಕಿದ್ದು ಒಂದೇ ಟೆಸ್ಟ್. ಆದರೆ ಪ್ರಥಮ ದರ್ಜೆಯಲ್ಲಿ 504 ವಿಕೆಟ್, ಕ್ಯಾಪ್ಟನ್ ಆಗಿ 2013-14 ಮತ್ತು 2014-15ರಲ್ಲಿ ಸತತ ಎರಡು ರಣಜಿ ಟ್ರೋಫಿ. ಇದು ಸೋತ ಬದುಕಾ?

ಇನ್ನು ಬೆನ್ನಿನ ವಿಷಯ. ಬೆಳೆಯೋ ವಯಸ್ಸಿನಲ್ಲಿ ವೇಗದ ಬೌಲರ್‌ಗಳ ಸೊಂಟದ ಹತ್ತಿರದ ಮೂಳೆ ಇನ್ನೂ ಗಟ್ಟಿಯಾಗಿರಲ್ಲ. ವಿಶ್ರಾಂತಿ ಇಲ್ಲದೆ ಹಾಕಿಸಿದರೆ ಬಿರುಕು ಬಿಡುತ್ತೆ. ಪೂರ್ತಿ ಬೆಳೆದ ಪ್ರಸಿದ್ಧ್ ಕೃಷ್ಣ ಅವರೇ ಇಂಥ ಬಿರುಕಿಗೆ 2023ರಲ್ಲಿ ಆಪರೇಷನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗಿದ್ದರು. ಅಮೆರಿಕದ ಬೇಸ್‌ಬಾಲ್‌ನವರು 2014ರಲ್ಲಿ ತಂದ 'ಪಿಚ್ ಸ್ಮಾರ್ಟ್' ನಿಯಮದಲ್ಲಿ 13ರಿಂದ 16ರ ಹುಡುಗರು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ಅಷ್ಟು ಎಸೆದರೆ ನಾಲ್ಕು ದಿನ ರಜಾ. ನಮ್ಮಲ್ಲಿ ಲೆಕ್ಕ ಇಡೋರು ಯಾರು? ಫೀಸಿನ ಲೆಕ್ಕ ಮಾತ್ರ ಪಕ್ಕಾ!

ನನ್ನ ಕೇಳಿದ್ರೆ, ಗನ್ ಮನೇಲಿಟ್ಟು ಒಂದು 20 ರೂಪಾಯಿ ನೋಟ್‌ಬುಕ್ ತನ್ನಿ. ದಿನಕ್ಕೆ ಎಷ್ಟು ಬಾಲ್ ಹಾಕಿದ, ಆರು ತಿಂಗಳಲ್ಲಿ ಎಷ್ಟು ಎತ್ತರ ಬೆಳೆದ, ಸುಸ್ತಾದಾಗಲೂ ಆಕ್ಷನ್ ಹಾಗೇ ಇದೆಯಾ, ಎಲ್ಲಿ ನೋವು... ಇಷ್ಟು ಬರೆಯಿರಿ. ಎರಡು ಮೂರು ವರ್ಷ ಆದಮೇಲೆ ತೀರ್ಪು ಕೊಡಿ, ಬೇಡ ಅನ್ನಲ್ಲ.

ಹುಡುಗನಿಗೆ ನಿನ್ನೆ ಹೇಳಿದೆ, "ಬಿಡಬೇಡ ಕಣೋ" ಅಂತ. ತಪ್ಪು ಹೇಳಿದ್ನಾ? ನೀವೇನಂತೀರಿ?