ಹಾಲಿಗೆ ದಿನಾ ಪರೀಕ್ಷೆ, ಸೈಲೇಜ್ ಚೀಲಕ್ಕೆ ತಾರೀಖೂ ಇಲ್ಲ!

ಡೈರಿಯಲ್ಲಿ ನಮ್ಮ ಹಾಲಿಗೆ ಬೆಳಿಗ್ಗೆ ಒಂದು ಪರೀಕ್ಷೆ, ಸಂಜೆ ಒಂದು ಪರೀಕ್ಷೆ. ಫ್ಯಾಟ್ ಒಂದು ಪಾಯಿಂಟ್ ಇಳಿದರೆ ದುಡ್ಡು ಕಟ್. ಆದರೆ ಅದೇ ಹಸುವಿಗೆ ಹಾಕಲು ನಾವು ದುಡ್ಡು ಕೊಟ್ಟು ತರುವ ಸೈಲೇಜ್ ಚೀಲವನ್ನು ತಿರುಗಿಸಿ ನೋಡಿ. ತುಂಬಿದ ತಾರೀಖು ಇದೆಯೇ? ನಾನು ನೋಡಿದ ಬಹುತೇಕ ಚೀಲಗಳ ಮೇಲೆ ಇರಲಿಲ್ಲ. ತಾರೀಖು ಇಲ್ಲದ ಮೇಲೆ ಒಳಗಿನ ಮೇವು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಸೈಲೇಜ್ ಎಂದರೆ ಕತ್ತರಿಸಿ ತುಂಬಿದ ಹಸಿ ಮೇವು ಅಷ್ಟೇ ಅಲ್ಲ, ಹುಳಿ ಬಂದ ಮೇವು. ಗಾಳಿ ಇಲ್ಲದ ಕಡೆ ಬ್ಯಾಕ್ಟೀರಿಯಾಗಳು ಜೋಳದ ದಂಟಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲು ಮೊಸರಾಗುವುದೂ ಇದೇ ಕೆಲಸದಿಂದ. ಮೊಸರಿಗೆ ಒಂದು ರಾತ್ರಿ ಸಾಕು, ಇದಕ್ಕೆ ಮೂರು ವಾರವಾದರೂ ಬೇಕು. 45 ದಿನ ಬಿಟ್ಟರೆ ನೆಮ್ಮದಿ. ಬೇಡಿಕೆ ಜಾಸ್ತಿ ಇದೆ ಎಂದು ಹತ್ತು ದಿನಕ್ಕೇ ಲಾರಿಗೆ ಏರಿಸುವವರು ಮಾರುತ್ತಿರುವುದು ಅರ್ಧ ಬೆಂದ ಅನ್ನ.

ತಪ್ಪು ಮಾರುವವರದ್ದು ಮಾತ್ರವಲ್ಲ. ಮನೆಯಲ್ಲೇ ಸೈಲೇಜ್ ಮಾಡುವ ನಮ್ಮವರಿಗೆ ಇನ್ನೊಂದು ಚಾಳಿ ಇದೆ: ವಾರಕ್ಕೊಮ್ಮೆ ಚೀಲದ ಬಾಯಿ ಬಿಚ್ಚಿ ಮೂಸಿ ನೋಡುವುದು. ಪ್ರತಿ ಸಲ ಬಿಚ್ಚಿದಾಗಲೂ ಗಾಳಿ ಒಳಗೆ ಹೋಗುತ್ತದೆ. ಗಾಳಿ ಸಿಕ್ಕಿದರೆ ಯೀಸ್ಟು, ಬೂಷ್ಟು ಎದ್ದು ಬರುತ್ತವೆ, ಮೇವು ಬಿಸಿಯಾಗುತ್ತದೆ, ಕಟ್ಟಿದ ಹುಳಿ ಕರಗುತ್ತದೆ. ಕೆಟ್ಟಿದೆಯೇ ಎಂದು ನೋಡಲು ಹೋಗಿ ನಾವೇ ಕೆಡಿಸಿದ ಹಾಗಾಯಿತು.

ಹಾಗಾದರೆ ಯಾವಾಗ ನೋಡಬೇಕು? ಮೂರು ಸಲ.

ಒಂದು, ತುಂಬುವ ದಿನ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಗಟ್ಟಿಯಾಗಿ ಹಿಂಡಿ ಬಿಡಿ. ರಸ ತೊಟ್ಟಿಕ್ಕಿದರೆ ನೀರು ಜಾಸ್ತಿ, ಸ್ವಲ್ಪ ಬಾಡಿಸಿ. ಬಿಟ್ಟ ಕೂಡಲೇ ಉದುರಿದರೆ ಒಣಗಿದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡು, ಅಂಗೈ ಬರೀ ತೇವವಾದರೆ ಅದೇ ಹದ.

ಎರಡು, ನಡುವಿನ ದಿನಗಳಲ್ಲಿ ಹೊರಗಿನಿಂದ ಮಾತ್ರ. ಇಲಿ ಕಡಿದಿದೆಯೇ, ಎಲ್ಲಾದರೂ ಹರಿದಿದೆಯೇ ನೋಡಿ, ತೂತು ಕಂಡರೆ ಆಗಲೇ ಟೇಪ್ ಹಚ್ಚಿ.

ಮೂರು, ತಿನ್ನಿಸುವ ದಿನ. ಒಳಗೆ ಕೈ ಹಾಕಿದರೆ ತಣ್ಣಗಿರಬೇಕು. ಬಣ್ಣ ಹಳದಿ ಮಿಶ್ರಿತ ಹಸಿರು, ವಾಸನೆ ಹಿತವಾದ ಹುಳಿ. ಪಿಎಚ್ ಪೇಪರ್ ಇದ್ದರೆ 4ರ ಆಸುಪಾಸು ತೋರಿಸಬೇಕು. ಕೊಳೆತ ನಾತ, ಕಪ್ಪು ಬಣ್ಣ, ಬಿಳಿ ಬೂಷ್ಟು ಕಂಡರೆ ತಿಪ್ಪೆಗೆ ಹಾಕಿ. ಬೂಷ್ಟಿನ ವಿಷ ಹಸುವಿನ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ, ಹಾಲಿಗೂ ಇಳಿಯುತ್ತದೆ. ಆ ಹಾಲನ್ನು ನಮ್ಮ ಮಕ್ಕಳೂ ಕುಡಿಯುತ್ತಾರೆ.

"ಏಪ್ರಿಲ್‌ನಲ್ಲಿ ಮೇವೇ ಇಲ್ಲ, 45 ದಿನ ಯಾರು ಕಾಯ್ತಾರೆ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಎರಡು ಹಸು ಇರುವವರು ದೊಡ್ಡ ಗುಂಡಿಯ ಆಸೆ ಬಿಟ್ಟು 50 ಕೆಜಿಯ ಸಣ್ಣ ಚೀಲಗಳನ್ನು ತುಂಬಬೇಕು. ಮಳೆಗಾಲದ ಜೋಳ ಹಸಿರಿರುವಾಗಲೇ, ಕಾಳು ಹಾಲು ಕಟ್ಟಿ ಗಟ್ಟಿಯಾಗುವ ಹೊತ್ತಿಗೆ ಕೊಯ್ದು ತುಂಬಿಟ್ಟರೆ ಬೇಸಿಗೆಯಲ್ಲಿ ಆತುರಪಡುವ ಸಂದರ್ಭವೇ ಬರುವುದಿಲ್ಲ. ಒಂದು ಚೀಲ ಬಿಚ್ಚಿದರೆ ಉಳಿದವು ಭದ್ರ. ಬಿಚ್ಚಿದ್ದನ್ನು ಎರಡು ಮೂರು ದಿನದಲ್ಲಿ ಮುಗಿಸಿ.

"ರೇಟು ಇನ್ನೂ ಜಾಸ್ತಿ ಆಗುತ್ತೆ" ಎನ್ನುವುದು ಮಾರುವವರ ನೆಪ. ಮಾರ್ಕರ್ ಪೆನ್ನಿನಲ್ಲಿ ಒಂದು ತಾರೀಖು ಬರೆಯಲು ಎಷ್ಟು ಖರ್ಚು? ಬಿಸ್ಕತ್ ಪೊಟ್ಟಣದ ಮೇಲೆ ತಾರೀಖು ಇರುತ್ತದೆ, ಸಾವಿರಾರು ರೂಪಾಯಿಯ ಮೇವಿನ ಮೇಲೆ ಇರಬಾರದೇ?

ಡೈರಿ ಸಂಘದ ಮುಂದಿನ ಸಭೆಯಲ್ಲಿ ಎದ್ದು ನಿಂತು ಎರಡೇ ಮಾತು ಕೇಳಿ. ಸಂಘದ ಮೂಲಕ ಬರುವ ಪ್ರತಿ ಚೀಲದ ಮೇಲೆ ತುಂಬಿದ ತಾರೀಖು ಇರಲಿ. ಫ್ಯಾಟ್ ಮೆಷಿನ್ ಪಕ್ಕದಲ್ಲಿ ಒಂದು ಡಬ್ಬಿ ಪಿಎಚ್ ಪೇಪರ್ ಇರಲಿ, ಲೋಡು ಇಳಿಸುವ ಮೊದಲು ಒಂದು ಚೀಲ ಬಿಚ್ಚಿ ಎಲ್ಲರೆದುರು ನೋಡಲಿ. ಅಲ್ಲಿಯವರೆಗೆ ತಾರೀಖಿಲ್ಲದ ಚೀಲವನ್ನು ಗಾಡಿಯಿಂದ ಇಳಿಸಿಕೊಳ್ಳಬೇಡಿ.