ಕಂಬಳಿ ಕೊಪ್ಪೆ ನಮ್ಮ ಅಳತೆಗೇ ನೇಯಿಸೋಣ

2022ರ ಹಿಂಗಾರಿನ ಮಾತು. ಕಿತ್ತ ಕಡ್ಲೆಕಾಯಿ ಬಣವೆ ಹಾಕಿ, ಮೇಲೆ ತಾಡಪಾಲು ಮುಚ್ಚಿ, ನಾನೂ ಮಗನೂ ರಾತ್ರಿ ಹೊಲದಲ್ಲಿ ಕಾವಲಿದ್ದೆವು. ಸ್ವಾತಿ ಮಳೆ ಜಡಿ ಹಿಡಿದಿತ್ತು. ಮಗ ಪೇಟೆಯ ಪ್ಲಾಸ್ಟಿಕ್ ಕೋಟು ತೊಟ್ಟಿದ್ದ. ನಾನು ನಮ್ಮಪ್ಪನ ಕಾಲದ ಕರೀಕಂಬಳಿಯ ಕೊಪ್ಪೆ ಹಾಕ್ಕೊಂಡಿದ್ದೆ. "ಅಪ್ಪಾ, ಇದನ್ನ ದೇವರ ಗದ್ದಿಗೆಗೆ ಹಾಸ್ತಾರೆ, ನೀನ್ಯಾಕೆ ಹೊದ್ದೀಯ?" ಅಂತ ನಕ್ಕ.

ನಡುರಾತ್ರಿ ಗುಡಿಸಲ ಬಾಗಿಲಲ್ಲಿ ಬೆಂಕಿ ಕಾಯಿಸುವಾಗ ಕಿಡಿ ಹಾರಿ ಅವನ ಕೋಟಿನ ತೋಳು ಕರಗಿ ತೂತಾಯ್ತು. ಬಿಚ್ಚಿ ನೋಡಿದರೆ ಒಳಗಿನ ಅಂಗಿ ಬೆವರಿಗೇ ಒದ್ದೆ. ಗಡಗಡ ನಡುಗ್ತಿದ್ದ. ಕಂಬಳಿ ಸರಿಸಿ ಅವನನ್ನೂ ಒಳಗೆ ಕರಕೊಂಡೆ. ಆಮೇಲೆ ನಗಲಿಲ್ಲ!

ಆದರೂ ಅವನು ಅಂದದ್ದು ಸುಳ್ಳಲ್ಲ. ಕಂಬಳಿಗೆ ಹೆಸರಾದ ನಮ್ಮ ಚಳ್ಳಕೆರೆ ಸೀಮೆಯಲ್ಲೇ ಈಗ ಕಂಬಳಿ ಕೊಳ್ಳೋದು ಮದುವೆಗೆ, ದೇವರಿಗೆ. ಹೊಲಕ್ಕೆ ಹೊದೆಯೋಕೆ ಅಂತ ಕೇಳುವವರು ಕಡಿಮೆ. ನೇಯುವವರೂ ಹಾಸುವ ಅಳತೆಗೇ ನೇಯ್ತಾರೆ. ಇದರಲ್ಲಿ ತಪ್ಪು ನಮ್ಮದೇ ಅನ್ನೋದು ನನ್ನ ಅಭಿಪ್ರಾಯ. ಕೊಪ್ಪೆ ಕಂಬಳಿ ನೇಗಿಲು, ಕೂರಿಗೆಯಂಥ ಸಾಮಾನು. ಕೂರಿಗೆಯನ್ನು ಬಡಗಿಗೆ ಅಳತೆ ಹೇಳಿ ಮಾಡಿಸ್ತೀವಿ. ಕಂಬಳಿಗ್ಯಾಕೆ ಹೇಳಬಾರದು?

ಹೋದ ವರ್ಷ ನಾನು ಮಾಡಿಸಿದ್ದು ಹೀಗೆ. ಏಳಡಿ ಉದ್ದ, ನಾಲ್ಕಡಿ ಅಗಲ. ಉದ್ದವನ್ನು ಎರಡು ಮಡಿಕೆ ಮಾಡಿ, ಮಡಿಕೆಯಿಂದ ಒಂದು ಗೇಣು ಮಾತ್ರ ಮೇಲಿನ ಅಂಚು ಸೇರಿಸಿ ಹೊಲಿದೆ. ಅದೇ ತಲೆಗೆ ಕೊಪ್ಪೆ. ಉಳಿದದ್ದು ಎರಡೂ ಹೆಗಲ ಮೇಲೆ ಇಳಿದು ಎದೆ ಮುಂದೆ ಒಂದರ ಮೇಲೊಂದು ಬರುತ್ತೆ. ಕೊರಳ ಹತ್ತಿರ ಎರಡು ಕಸೆ. ಮಿಷನ್ ಹೊಲಿಗೆ ಬೇಡ, ಕಂಬಳಿ ನೂಲನ್ನೇ ದಬ್ಬಣಕ್ಕೆ ಪೋಣಿಸಿ ದೂರ ದೂರ ಹೊಲಿದರೆ ಸಾಕು. ದಾರ ಎಳೆದರೆ ಮತ್ತೆ ಹಾಸೋ ಕಂಬಳಿ. ನೆತ್ತಿಯಿಂದ ಮೊಣಕಾಲಿನವರೆಗೆ ಬಂದರೆ ಸಾಕು. ಅದಕ್ಕಿಂತ ಇಳಿದರೆ ಕೆಸರು ಹತ್ತಿ ಭಾರವಾಗುತ್ತೆ, ಹೆಜ್ಜೆಗೂ ತೊಡಕು.

ನೇಯುವವರಿಗೆ ಎರಡು ಮಾತು ಹೇಳಿ. ಒಂದು, ಒತ್ತಾಗಿ ನೇಯಬೇಕು. ಎರಡು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಚೆನ್ನಾಗಿ ಕೊಡಬೇಕು. ಹೊಸದರಲ್ಲಿ ಹಲಗೆಯಂತೆ ನಿಂತರೆ ಬೇಸರ ಬೇಡ, ಆ ಬಿರುಸಿಗೇ ಹನಿ ಜಾರೋದು. ತುಪ್ಪಟದಲ್ಲಿರೋ ಜಿಡ್ಡೂ ನೀರು ತಡೆಯುತ್ತೆ. ಅದಕ್ಕೇ ಬಿಸಿನೀರು, ಸೋಪು ಹಾಕಿ ತಿಕ್ಕಬಾರದು. ಜಿಡ್ಡು ಹೋಗುತ್ತೆ, ಕಂಬಳಿ ಕುಗ್ಗುತ್ತೆ.

ಕೊಪ್ಪೆಗೂ ಕೊರತೆ ಇದೆ. ದಿನವಿಡೀ ಸುರಿಯೋ ಮಳೆಗೆ ನೆನೆದು ಮಣ ಭಾರವಾಗುತ್ತೆ, ಒಣಗೋಕೆ ಎರಡು ದಿನ ಬೇಕು. ಕುತ್ತಿಗೆಗೆ ಚುಚ್ಚುತ್ತೆ, ಟವಲ್ ಸುತ್ತಿಕೊಳ್ಳಬೇಕು. ಬಿಸಿಲು ಕಾಣಿಸದೆ ಮಡಿಸಿಟ್ಟರೆ ನುಸಿ ಹಿಡಿಯುತ್ತೆ. ಬೆಲೆಯೂ ಪ್ಲಾಸ್ಟಿಕ್ ಕೋಟಿಗಿಂತ ಜಾಸ್ತಿ. ಆದರೆ ನಮ್ಮದು ಬಯಲುಸೀಮೆ, ಇಲ್ಲಿ ಬೀಳೋದು ತುಂತುರು, ಜಡಿ, ಜೊತೆಗೆ ಗಾಳಿ. ಅದಕ್ಕೆ ಇದು ಹೇಳಿ ಮಾಡಿಸಿದ್ದು. ನೆನೆದರೂ ಮೈ ಬೆಚ್ಚಗಿರುತ್ತೆ. ಜಾಲಿ ಮುಳ್ಳಿಗೆ ಸಿಕ್ಕರೆ ಪರ್ರನೆ ಹರಿಯೋಲ್ಲ. ಕಿಡಿ ಬಿದ್ದರೆ ಸುಟ್ಟ ವಾಸನೆ ಬಂದು ಅಲ್ಲೇ ಆರುತ್ತೆ.

ಇನ್ನೊಂದು ಸಂಕಟ ಇದೆ. ಮಾಂಸಕ್ಕೆ ಬೇಗ ತೂಕ ಬರುತ್ತೆ ಅಂತ ತುಪ್ಪಟ ಇಲ್ಲದ ನೆಲ್ಲೂರು ಟಗರು ತಂದು ನಮ್ಮ ಕರೀಕುರಿ ಹಿಂಡಿಗೆ ಬಿಟ್ಟೆವು. ನಾನೂ ಬಿಟ್ಟೆ, ದುಡ್ಡೂ ಕಂಡೆ. ಉಳಿದ ಕರೀಕುರಿಯ ತುಪ್ಪಟ ಕತ್ತರಿಸೋಕೆ ಈಗ ಕೈಯಿಂದ ಕೂಲಿ ಕೊಡಬೇಕು. ಕೊಳ್ಳುವವರಿಲ್ಲದೆ ಎರಡು ವರ್ಷ ತಿಪ್ಪೆಗೆ ಸುರಿದೆ. ಹೋದ ವರ್ಷ ಅದೇ ತುಪ್ಪಟ ಕೊಟ್ಟು ನೇಯಿಸಿದ್ದೇ ಈ ಕೊಪ್ಪೆ. ಹೊಸ ಟಗರು ಬೇಡ ಅನ್ನೋಲ್ಲ, ಹೊಟ್ಟೆಪಾಡು. ಹಿಂಡಿನಲ್ಲಿ ಹತ್ತು ಕರೀಕುರಿಯಾದರೂ ಬೇರೆ ಇರಲಿ ಅಂತೀನಿ.

ಊರಿಗೆ ಹತ್ತು ಜನ ರೈತರು ತುಪ್ಪಟ ಕೊಟ್ಟು, ಅಳತೆ ಹೇಳಿ, ಮುಂಗಡ ಕೊಟ್ಟರೆ ಆ ಮಗ್ಗ ನಿಲ್ಲೋಲ್ಲ. ಮದುವೆ, ದೇವರನ್ನೇ ನಂಬಿಕೊಂಡರೆ ಎಷ್ಟು ದಿನ ನಡೆದೀತು?

ಈ ಹಿಂಗಾರಿಗೆ ಮಗ ತನಗೂ ಒಂದು ನೇಯಿಸು ಅಂದಿದ್ದಾನೆ. ಅವನ ಎತ್ತರಕ್ಕೆ ಅಗಲ ಅರ್ಧ ಅಡಿ ಜಾಸ್ತಿ ಹೇಳಬೇಕು.